‘ಎಲ್ಲರಿಗೂ ಅರ್ಥವಾಯಿತೇ?’ ಎಂದು ಕೇಳುವ ಬದಲು: ಕಾಲೇಜು ತರಗತಿಯಲ್ಲಿ ಸಕ್ರಿಯ ಕಲಿಕೆ, ಹಂತ ಹಂತವಾಗಿ

ಕಾಲೇಜಿನಲ್ಲಿ ಪಾಠ ಮಾಡುವ ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಮಾತು ಬೇರೆ ಬೇರೆ, ಸಂಕಟ ಮಾತ್ರ ಅದೇ: “ಚೆನ್ನಾಗಿ ತಯಾರಿ ಮಾಡಿಕೊಂಡು ಹೋಗುತ್ತೇನೆ, ಗಂಟಲು ಒಣಗುವವರೆಗೆ ವಿವರಿಸುತ್ತೇನೆ. ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ತಲೆ ತಗ್ಗಿಸುತ್ತದೆ. ಆನ್‌ಲೈನ್ ಪಾಠದಲ್ಲಂತೂ ಕಪ್ಪು ಚೌಕಗಳ ಜೊತೆ ಮಾತನಾಡಿದಂತಾಗುತ್ತದೆ. ಏನು ಮಾಡಲಿ?” ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವುದಕ್ಕಿಂತ, ನಾನು ವರ್ಷಗಳಿಂದ ಮಾಡುತ್ತಾ, ತಿದ್ದಿಕೊಳ್ಳುತ್ತಾ ಬಂದ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ನೀವು ಯಾವ ವಿಷಯ ಕಲಿಸುವವರಾದರೂ ಇದನ್ನು ನಾಳೆಯ ತರಗತಿಯಲ್ಲೇ ಶುರು ಮಾಡಬಹುದು.

ಮೊದಲು ಪದದ ಅರ್ಥ ನೋಡೋಣ. ಕೇಳಿಸಿಕೊಂಡು ಬರೆದುಕೊಳ್ಳುವುದಷ್ಟೇ ಅಲ್ಲದೆ, ತರಗತಿಯ ಹೊತ್ತಿನಲ್ಲೇ ವಿದ್ಯಾರ್ಥಿ ತಾನೇ ಯೋಚಿಸಿ ಏನಾದರೊಂದು ಮಾಡುವುದಕ್ಕೆ ಸಕ್ರಿಯ ಕಲಿಕೆ ಎನ್ನುತ್ತಾರೆ. ಊಹಿಸುವುದು, ಲೆಕ್ಕ ಬಿಡಿಸುವುದು, ಪಕ್ಕದವರಿಗೆ ವಿವರಿಸುವುದು, ಒಂದನ್ನು ಆರಿಸಿ ಕಾರಣ ಕೊಡುವುದು, ಇವೆಲ್ಲ ಇದರಲ್ಲಿ ಬರುತ್ತವೆ. ಗುಂಪು ಕಟ್ಟಿ ಚಾರ್ಟ್‌ಗೆ ಬಣ್ಣ ಬಳಿಸಿದ ಮಾತ್ರಕ್ಕೆ ಅದು ಸಕ್ರಿಯ ಕಲಿಕೆಯಾಗುವುದಿಲ್ಲ. ಕೈ ಆಡಿದರೆ ಸಾಲದು, ತಲೆ ಓಡಬೇಕು. ನನ್ನ ಮಟ್ಟಿಗೆ ಇಡೀ ವಿಧಾನದ ತಿರುಳು ಇಷ್ಟೇ: ನೀವು ಉತ್ತರ ಹೇಳುವ ಮೊದಲು, ತರಗತಿಯಲ್ಲಿರುವ ಪ್ರತಿಯೊಬ್ಬರೂ ತಮ್ಮದೇ ಒಂದು ಉತ್ತರವನ್ನು ಹಿಡಿದುಕೊಂಡು ಕುಳಿತಿರಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕಾಗಿಯೇ ಇವೆ.

ಇದಕ್ಕೆ ಆಧಾರವಿದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಬಗೆಗಿನ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇ 33.8. ಸಕ್ರಿಯ ಕಲಿಕೆ ಇದ್ದ ಕಡೆ ಶೇ 21.8. ನೂರು ಮಂದಿಯ ತರಗತಿಯಲ್ಲಿ ಹನ್ನೆರಡು ಮಂದಿಯ ವ್ಯತ್ಯಾಸ. ಆ ಹನ್ನೆರಡು ಮುಖಗಳನ್ನು ನೆನೆದರೆ ಈ ವಿಧಾನದ ಬಗ್ಗೆ ನಾನೇಕೆ ಇಷ್ಟು ಹಟ ಹಿಡಿಯುತ್ತೇನೆ ಎಂಬುದು ನಿಮಗೆ ತಿಳಿಯುತ್ತದೆ.

ಬೇಕಾಗುವ ಸಾಮಾನು

ತರಗತಿಗೆ: ಎಲ್ಲರಿಗೂ ಕಾಣುವ ಗಡಿಯಾರ ಅಥವಾ ಮೊಬೈಲಿನ ಟೈಮರ್, ಚೀಟಿಗಳಿಗೆ ಕಾಗದ. ಸಾಧ್ಯವಾದರೆ ನಾಲ್ಕು ಬಣ್ಣದ ರಟ್ಟಿನ ಚೂರುಗಳು, ಪ್ರತಿ ವಿದ್ಯಾರ್ಥಿಗೆ ಬಣ್ಣಕ್ಕೊಂದರಂತೆ ನಾಲ್ಕು. ಇಲ್ಲದಿದ್ದರೆ ಬೆರಳುಗಳೇ ಸಾಕು.

ಆನ್‌ಲೈನ್‌ಗೆ: ಚಾಟ್, ಪೋಲ್ (ಆಯ್ಕೆ ಒತ್ತಿ ಮತ ಹಾಕುವ ಸೌಲಭ್ಯ), ಎಲ್ಲರೂ ಒಟ್ಟಿಗೆ ಬರೆಯಬಹುದಾದ ಒಂದು ಕಡತ. ಬ್ರೇಕ್‌ಔಟ್ ರೂಮ್, ಅಂದರೆ ಒಂದೇ ಸಭೆಯೊಳಗೆ ಸಣ್ಣ ಗುಂಪುಗಳಿಗೆ ಮಾಡಿಕೊಡುವ ಪ್ರತ್ಯೇಕ ಕೋಣೆ, ಇದ್ದರೆ ಅನುಕೂಲ.

ಇದಕ್ಕಿಂತ ಹೆಚ್ಚಿನ ತಂತ್ರಾಂಶದ ಹಿಂದೆ ಸದ್ಯಕ್ಕೆ ಹೋಗಬೇಡಿ. ಹೊಸ ಆ್ಯಪ್ ಕಲಿಯುವುದರಲ್ಲೇ ಶಕ್ತಿಯೆಲ್ಲ ಸೋರಿಹೋಗಿ, ಒಳ್ಳೆಯ ಪ್ರಶ್ನೆ ಬರೆಯಲು ಬಿಡುವೇ ಸಿಗದಂತಾದ ಎಷ್ಟೋ ಸಹೋದ್ಯೋಗಿಗಳನ್ನು ನೋಡಿದ್ದೇನೆ.

1. ಒಂದು ತರಗತಿ, ಒಂದೇ ಜಾಗ

ಇಡೀ ಪಾಠವನ್ನು ಬದಲಿಸಲು ಹೊರಡಬೇಡಿ. ಆರಂಭದ ದಿನಗಳಲ್ಲಿ ನಾನು ಒಂದೇ ತಾಸಿನಲ್ಲಿ ಮೂರು ಚಟುವಟಿಕೆ ತುರುಕಿದ್ದೆ. ಗುಂಪು ಮಾಡುವುದರಲ್ಲಿ, ಸೂಚನೆ ಹೇಳುವುದರಲ್ಲಿ ಹೊತ್ತು ಹೋಯಿತು. ಕೊನೆಗೆ ಯಾವುದೂ ಪೂರ್ತಿಯಾಗಲಿಲ್ಲ. ವಿದ್ಯಾರ್ಥಿಗಳು ಗೊಂದಲದಲ್ಲೇ ಎದ್ದು ಹೋದರು.

ನಾಳೆಯ ಪಾಠದಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುವ ಒಂದು ಜಾಗವನ್ನು ಗುರುತಿಸಿ. ಹಳೆಯ ಉತ್ತರ ಪತ್ರಿಕೆಗಳನ್ನು ತಿರುವಿ ಹಾಕಿದರೆ ಅದು ತಾನೇ ಕಣ್ಣಿಗೆ ಬೀಳುತ್ತದೆ: ಒಂದೇ ಬಗೆಯ ತಪ್ಪು ಹತ್ತಿಪ್ಪತ್ತು ಕಡೆ ಇರುತ್ತದೆ. ಅಲ್ಲಿಯೇ ಪಾಠವನ್ನು ಏಳೆಂಟು ನಿಮಿಷ ನಿಲ್ಲಿಸಿ. ಉಳಿದ ಹೊತ್ತು ಎಂದಿನಂತೆ ವಿವರಿಸಿ. ಉಪನ್ಯಾಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಂದು ಪ್ರಶ್ನೆ ತಲೆಯನ್ನು ಕೊರೆಯುತ್ತಿರುವಾಗ ಕೇಳುವ ಉಪನ್ಯಾಸ ಬಲು ಚೆನ್ನಾಗಿ ಇಳಿಯುತ್ತದೆ.

2. ಪ್ರಶ್ನೆ ಕಟ್ಟಿ

ಎಲ್ಲದರ ಗೆಲುವು ಸೋಲು ಇರುವುದು ಇಲ್ಲಿಯೇ. ನಿಮ್ಮ ತಯಾರಿಯ ಸಮಯದಲ್ಲಿ ಮುಕ್ಕಾಲು ಪಾಲನ್ನು ಈ ಹಂತಕ್ಕೆ ಕೊಡಿ.

‘ದ್ಯುತಿಸಂಶ್ಲೇಷಣೆ ಎಂದರೇನು?’ ಎಂದು ಕೇಳಿದರೆ ಗೊತ್ತಿದ್ದವರು ವ್ಯಾಖ್ಯೆ ಒಪ್ಪಿಸುತ್ತಾರೆ, ಗೊತ್ತಿಲ್ಲದವರು ಪುಟ ತಿರುವುತ್ತಾರೆ. ಯೋಚಿಸುವ ಕೆಲಸ ಯಾರಿಗೂ ಇಲ್ಲ. ಅದರ ಬದಲು ಹೀಗೆ ಕೇಳಿ ನೋಡಿ:

‘ಬೆರಳ ತುದಿಯಷ್ಟಿದ್ದ ಬೀಜ ದೊಡ್ಡ ಮರವಾಗಿದೆ. ಆ ಮರವನ್ನು ಕಡಿದು, ನೀರಿನ ಅಂಶವೆಲ್ಲ ಹೋಗುವಂತೆ ಒಣಗಿಸಿದ್ದೇವೆ. ಆಗಲೂ ಉಳಿದಿರುವ ತೂಕದ ಬಹುಪಾಲು ಎಲ್ಲಿಂದ ಬಂತು? (ಅ) ಮಣ್ಣಿನಿಂದ (ಆ) ಬೇರು ಹೀರಿದ ನೀರಿನಿಂದ (ಇ) ಗಾಳಿಯಿಂದ (ಈ) ಸೂರ್ಯನ ಬೆಳಕಿನಿಂದ.’

ಇದು ಜೀವವಿಜ್ಞಾನ ಕಲಿಸುವವರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ಪ್ರಶ್ನೆ. ಸರಿಯುತ್ತರ ಗಾಳಿ. ಎಲೆಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದರಿಂದಲೇ ಮರದ ಒಡಲನ್ನು ಕಟ್ಟುತ್ತವೆ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಯೂ ಇಲ್ಲಿ ‘ಮಣ್ಣು’ ಎನ್ನುತ್ತಾನೆ. ಸಮೀಕರಣ ಅವನ ನೋಟ್ಸ್‌ನಲ್ಲಿದೆ, ಮರದ ಬಗೆಗಿನ ನಂಬಿಕೆ ಬೇರೆಲ್ಲೋ ಇದೆ. ಅವೆರಡೂ ಎದುರುಬದುರಾಗುವಂತೆ ಮಾಡುವುದೇ ಒಳ್ಳೆಯ ಪ್ರಶ್ನೆಯ ಕೆಲಸ.

ತಪ್ಪು ಆಯ್ಕೆಗಳನ್ನು ಬರೆಯುವಾಗ ಇನ್ನಷ್ಟು ಕಷ್ಟಪಡಿ. ನೋಡಿದ ಕೂಡಲೇ ತಪ್ಪೆಂದು ಗೊತ್ತಾಗುವ ಆಯ್ಕೆ ಇದ್ದೂ ಇಲ್ಲದಂತೆ. ಮೇಲಿನ ಪ್ರಶ್ನೆಯಲ್ಲಿ ಮಣ್ಣು, ನೀರು, ಬೆಳಕು ಮೂರೂ ಮರಕ್ಕೆ ನಿಜವಾಗಿ ಬೇಕಾದವೇ. ಆದ್ದರಿಂದಲೇ ಅವು ಸೆಳೆಯುತ್ತವೆ. ತಪ್ಪು ಆಯ್ಕೆಯೊಂದನ್ನು ಬರೆದಾಗಲೆಲ್ಲ ‘ಬುದ್ಧಿವಂತನೊಬ್ಬ ಇದನ್ನು ಯಾವ ಕಾರಣಕ್ಕೆ ಆರಿಸಬಹುದು?’ ಎಂದು ಕೇಳಿಕೊಳ್ಳಿ. ಕಾರಣ ಹೊಳೆಯದಿದ್ದರೆ ಆ ಆಯ್ಕೆಯನ್ನು ತೆಗೆದುಹಾಕಿ.

ಬೇರೆ ವಿಷಯಗಳಿಗೂ ದಾರಿ ಇದೇ. ಭೌತವಿಜ್ಞಾನದಲ್ಲಿ: ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದ ಗಳಿಗೆಯಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ವೇಗ ಸೊನ್ನೆಯಾದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಬಹಳ ಮಂದಿ ಹೇಳುತ್ತಾರೆ. ಗುರುತ್ವ ಆ ಗಳಿಗೆಯಲ್ಲೂ ರಜೆ ಹಾಕಿರುವುದಿಲ್ಲ ಎಂಬುದು ಚರ್ಚೆಯಲ್ಲಿ ಹೊರಬರಬೇಕು. ಅರ್ಥಶಾಸ್ತ್ರದಲ್ಲಿ: ಒಂದು ವಸ್ತುವಿನ ಬೆಲೆಯೂ ಏರಿತು, ಮಾರಾಟವೂ ಏರಿತು; ಬೇಡಿಕೆಯ ನಿಯಮ ಸುಳ್ಳಾಯಿತೇ? ಬೇಡಿಕೆಯ ರೇಖೆಯ ಮೇಲೆ ಸರಿಯುವುದಕ್ಕೂ ಆ ರೇಖೆಯೇ ಸರಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಾನಾಗಿ ಚರ್ಚೆಗೆ ಬರುತ್ತದೆ.

ಸಾಹಿತ್ಯ, ಇತಿಹಾಸ ಕಲಿಸುವವರು ‘ನಮ್ಮಲ್ಲಿ ಒಂದೇ ಸರಿಯುತ್ತರ ಇರುವುದಿಲ್ಲವಲ್ಲ’ ಎನ್ನುತ್ತಾರೆ. ನಿಜ, ಆದರೂ ಒಂದನ್ನು ಆರಿಸಲೇಬೇಕಾಗುವಂತೆ ಕೇಳಬಹುದು. ಪದ್ಯದ ಒಂದು ಸಾಲಿನಲ್ಲಿ ಒಂದು ಪದವನ್ನು ತೆಗೆದು ಅದರ ಸಮಾನಾರ್ಥಕ ಪದವನ್ನಿಟ್ಟು, ‘ಕಳೆದುಹೋದದ್ದೇನು: ಲಯವೋ, ಧ್ವನಿಯೋ, ಮಾತನಾಡುವವರ ಗುರುತೋ? ಒಂದನ್ನೇ ಆರಿಸಿ, ಆಧಾರದ ಸಾಲು ತೋರಿಸಿ’ ಎನ್ನಿ. ಒಂದೇ ಘಟನೆಯ ಬಗ್ಗೆ ಎರಡು ದಾಖಲೆ ಕೊಟ್ಟು, ‘ಯಾವುದನ್ನು ಹೆಚ್ಚು ನಂಬುತ್ತೀರಿ?’ ಎಂದು ಕೇಳಿ. ‘ಈ ಪದ್ಯದ ಬಗ್ಗೆ ನಿಮ್ಮ ಅನಿಸಿಕೆ ಏನು?’ ಎಂದು ಮಾತ್ರ ಕೇಳಬೇಡಿ. ಅಷ್ಟು ಅಗಲವಾದ ಪ್ರಶ್ನೆಗೆ ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ವಿದ್ಯಾರ್ಥಿಗಳು ಸುಮ್ಮನಾಗುತ್ತಾರೆ. ಅದನ್ನು ನಾವು ನಿರಾಸಕ್ತಿ ಎಂದು ತಪ್ಪಾಗಿ ಓದುತ್ತೇವೆ.

3. ಯೋಚಿಸಲು ಬಿಡಿ, ಉತ್ತರವನ್ನು ಹಿಡಿಸಿ

ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯಿರಿ ಅಥವಾ ತೆರೆಯ ಮೇಲೆ ತೋರಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಹಿಂದಿನ ಬೆಂಚಿಗೆ ಮುಟ್ಟುವ ಹೊತ್ತಿಗೆ ಅರ್ಧ ಕಳೆದಿರುತ್ತದೆ. ‘ಒಂದು ನಿಮಿಷ, ಯಾರೂ ಮಾತನಾಡುವಂತಿಲ್ಲ, ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ’ ಎಂದು ಹೇಳಿ ನೀವೂ ಸುಮ್ಮನಾಗಿ.

ಸುಮ್ಮನಿರುವುದು ಸುಲಭವಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ತಾವಾಗಿ ಬಾಯಿ ಬಿಟ್ಟರು. ಸರಳ ಪ್ರಶ್ನೆಗಳ ಕಥೆಯೇ ಹೀಗಾದರೆ, ಮರದ ತೂಕದಂಥ ಪ್ರಶ್ನೆಗೆ ಪೂರ್ತಿ ಒಂದು ನಿಮಿಷ ಖಂಡಿತ ಬೇಕು. ಗಡಿಯಾರ ನೋಡುತ್ತಾ ನಿಲ್ಲಿ. ಸುಳಿವು ಕೊಡಬೇಡಿ, ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ತಿರುಗಿಸಿ ಹೇಳಬೇಡಿ.

ನಿಮಿಷ ಮುಗಿದ ಮೇಲೆ ಎಲ್ಲರೂ ಒಂದೇ ಸಲಕ್ಕೆ ಉತ್ತರ ತೋರಿಸಲಿ: ರಟ್ಟಿನ ಬಣ್ಣ, ಇಲ್ಲವೇ ಎದೆಗೆ ಒತ್ತಿ ಹಿಡಿದ ಬೆರಳುಗಳು. ಎದೆಯ ಮಟ್ಟದಲ್ಲಿ ಹಿಡಿದರೆ ನಿಮಗೆ ಕಾಣುತ್ತದೆ, ಹಿಂದೆ ಕುಳಿತವರಿಗೆ ಕಾಣುವುದಿಲ್ಲ. ಕೈ ಎತ್ತಿಸಿದರೆ ಜಾಣನೆಂದು ಹೆಸರಾದವನ ಕೈ ನೋಡಿಕೊಂಡು ಉಳಿದವರ ಕೈ ಏಳುತ್ತದೆ.

ಎಚ್ಚರಿಕೆ: ಈ ಹಂತದಲ್ಲಿ ಸರಿ ಯಾವುದು ಎಂದು ಹೇಳಬೇಡಿ. ನಿಮ್ಮ ಮುಖವೂ ಹೇಳಬಾರದು. ಸರಿಯುತ್ತರ ಕಂಡಾಗ ನಮಗೇ ಗೊತ್ತಿಲ್ಲದೆ ತಲೆ ಆಡುತ್ತದೆ. ವಿದ್ಯಾರ್ಥಿಗಳು ಅದನ್ನು ಬಹಳ ಬೇಗ ಗುರುತಿಸುತ್ತಾರೆ.

4. ಜೋಡಿಯಾಗಿ ಮಾತನಾಡಿಸಿ

ಉತ್ತರಗಳನ್ನು ಅಂದಾಜಿನಲ್ಲಿ ಎಣಿಸಿ. ಸರಿಯುತ್ತರ ಕೊಟ್ಟವರು ಶೇ 30ಕ್ಕಿಂತ ಕಡಿಮೆಯಿದ್ದರೆ ಜೋಡಿಯಲ್ಲಿ ಮಾತನಾಡಿಸಿ ಫಲವಿಲ್ಲ. ಒಂದು ಸುಳಿವು ಕೊಟ್ಟು ಅಥವಾ ಆ ಭಾಗವನ್ನು ಸ್ವಲ್ಪ ವಿವರಿಸಿ ಮತ್ತೆ ಕೇಳಿ. ಶೇ 70 ದಾಟಿದ್ದರೆ ಚಿಕ್ಕದಾಗಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಅದೇ ಒಳ್ಳೆಯ ಗಳಿಗೆ: ‘ನಿಮಗಿಂತ ಬೇರೆ ಉತ್ತರ ಹಿಡಿದವರನ್ನು ಹತ್ತಿರದಲ್ಲೇ ಹುಡುಕಿಕೊಳ್ಳಿ. ಎರಡು ನಿಮಿಷದಲ್ಲಿ ಅವರನ್ನು ಒಪ್ಪಿಸಿ’ ಎನ್ನಿ. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ತಮ್ಮ ತರಗತಿಗೆಂದು ರೂಪಿಸಿದ ಕ್ರಮವಿದು. ಇದಕ್ಕೆ ಪಿಯರ್ ಇನ್‌ಸ್ಟ್ರಕ್ಷನ್, ಅಂದರೆ ಸಹಪಾಠಿಗಳಿಂದಲೇ ನಡೆಯುವ ಪಾಠ ಎಂದು ಹೆಸರು.

ಈ ಎರಡು ನಿಮಿಷ ನೀವು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಬೇಡಿ. ಬೆಂಚುಗಳ ನಡುವೆ ನಡೆಯಿರಿ, ಕಿವಿಗೊಡಿ. ಮರದ ಪ್ರಶ್ನೆ ಕೇಳಿದ ದಿನ ಒಂದು ಬೆಂಚಿನಲ್ಲಿ ನಡೆದ ಮಾತು ಹೀಗಿತ್ತು:

“ಮಣ್ಣಲ್ಲದೆ ಇನ್ನೇನು? ಗೊಬ್ಬರವನ್ನು ಮತ್ತೇಕೆ ಹಾಕುತ್ತಾರೆ?”

“ಹಾಗಾದರೆ ಕುಂಡದ ಮಣ್ಣು ವರ್ಷವರ್ಷ ಇಳಿಯುತ್ತಾ ಹೋಗಬೇಕಿತ್ತಲ್ಲ.”

“ಸರಿ, ನೀರು ಎಂದುಕೋ.”

“ಒಣಗಿಸಿದ ಮೇಲೂ ಕಟ್ಟಿಗೆ ಭಾರವಾಗಿಯೇ ಇರುತ್ತದೆ. ಆ ಭಾರ ಯಾವುದು?”

ಇಬ್ಬರೂ ಸುಮ್ಮನಾದರು. ಒಬ್ಬಳು ಪೆನ್ನನ್ನು ಬೆಂಚಿನ ಮೇಲೆ ತಟ್ಟುತ್ತಾ ಕುಳಿತಳು. ಆಮೇಲೆ ಪುಸ್ತಕವನ್ನು ಹಿಂದಕ್ಕೆ ತಿರುವಿ, ತಾನೇ ಬರೆದುಕೊಂಡಿದ್ದ ಸಮೀಕರಣದ ಮೇಲೆ ಬೆರಳಿಟ್ಟು, “ಇಂಗಾಲ ಇಲ್ಲಿಂದ ಒಳಗೆ ಬರುತ್ತಿದೆ” ಎಂದಳು. ಅಷ್ಟೂ ಹೊತ್ತು ಆ ಸಮೀಕರಣ ಅವಳ ಪುಸ್ತಕದಲ್ಲೇ ಇತ್ತು. ನಾನು ಎಷ್ಟು ವಿವರಿಸಿದ್ದರೂ ಆ ಬೆರಳು ಆ ಜಾಗಕ್ಕೆ ತಾನಾಗಿ ಹೋಗುತ್ತಿರಲಿಲ್ಲ.

ತಿಳಿಯದವರಿಬ್ಬರು ಮಾತನಾಡಿದರೆ ತಪ್ಪೇ ಗಟ್ಟಿಯಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಪದವಿ ಮಟ್ಟದ ತಳಿವಿಜ್ಞಾನ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿತು. ಗುಂಪಿನಲ್ಲಿ ಮೊದಲು ಯಾರಿಗೂ ಸರಿಯುತ್ತರ ಗೊತ್ತಿರದಿದ್ದರೂ, ಚರ್ಚೆಯ ನಂತರ ಅದೇ ಬಗೆಯ ಇನ್ನೊಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸುವವರು ಹೆಚ್ಚಾಗಿದ್ದರು. ಕಾರಣ ಹೇಳಬೇಕಾಗಿ ಬಂದಾಗ ತಮ್ಮ ಮಾತಿನ ಬಿರುಕು ತಮಗೇ ಕಾಣುತ್ತದೆ.

ಎರಡು ನಿಮಿಷ ಎಂದರೆ ಎರಡೇ ನಿಮಿಷ. ತರಗತಿಯ ಗದ್ದಲ ಏರುತ್ತಾ ಹೋಗಿ, ಒಂದು ಹಂತದಲ್ಲಿ ಅದರ ಸ್ವರ ಬದಲಾಗುತ್ತದೆ. ಮಾತು ವಿಷಯ ಬಿಟ್ಟು ಬೇರೆ ಕಡೆ ಹೊರಳಿದೆ ಎಂದರ್ಥ. ಅದಕ್ಕೆ ತುಸು ಮೊದಲೇ ನಿಲ್ಲಿಸಿ. ನಿಲ್ಲಿಸಲು ಒಂದು ಗುರುತು ಮೊದಲೇ ಗೊತ್ತು ಮಾಡಿಕೊಳ್ಳಿ. ನಾನು ಕೈ ಎತ್ತಿ ನಿಲ್ಲುತ್ತೇನೆ, ಕಂಡವರು ತಾವೂ ಎತ್ತುತ್ತಾರೆ, ಕೂಗಬೇಕಾಗುವುದಿಲ್ಲ. ಜೋಡಿ ಸಿಗದೆ ಒಬ್ಬರೇ ಉಳಿದರೆ ಪಕ್ಕದ ಜೋಡಿಗೆ ಸೇರಿಸಿ. ನಾಲ್ವರಿಗಿಂತ ದೊಡ್ಡ ಗುಂಪು ಬೇಡ, ಐದನೆಯವರು ಬರೀ ಕೇಳುಗರಾಗುತ್ತಾರೆ.

5. ಮತ್ತೆ ಮತ, ಆಮೇಲೆ ವಿವರಣೆ

ಇನ್ನೊಮ್ಮೆ ಉತ್ತರ ತೋರಿಸಲು ಹೇಳಿ. ಬದಲಾವಣೆ ಎದ್ದು ಕಾಣುತ್ತದೆ. ಈಗ ಮೂರ್ನಾಲ್ಕು ಮಂದಿಯನ್ನು ಹೆಸರು ಹಿಡಿದು ಕೇಳಿ, ಆದರೆ ಕೇಳುವ ಬಗೆ ಮುಖ್ಯ: ‘ಉತ್ತರ ಏನು?’ ಎನ್ನಬೇಡಿ, ‘ನಿಮ್ಮಿಬ್ಬರ ನಡುವೆ ಯಾವ ಮಾತು ಬಂತು?’ ಎನ್ನಿ. ತಪ್ಪಾದರೂ ಅದು ಅವರೊಬ್ಬರ ತಪ್ಪಾಗಿ ಉಳಿಯುವುದಿಲ್ಲ. ಎಲ್ಲರ ಮುಂದೆ ಬಾಯಿ ಬಿಡಲು ಹೆದರುವ ಹುಡುಗಿ ಕೂಡ ಇಬ್ಬರ ನಡುವೆ ಒಮ್ಮೆ ಹೇಳಿ ನೋಡಿದ ಮಾತನ್ನು ಧೈರ್ಯವಾಗಿ ಹೇಳುತ್ತಾಳೆ.

ತಪ್ಪು ಆಯ್ಕೆಗಳ ಹಿಂದಿನ ಕಾರಣವನ್ನೂ ಹೊರಗೆ ತನ್ನಿ. ಮರದ ಪ್ರಶ್ನೆಯಲ್ಲಿ ‘ನೀರು’ ಎಂದವರು ಒಂಟಿಯಲ್ಲ. ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 17ನೆಯ ಶತಮಾನದಲ್ಲಿ ಕುಂಡದಲ್ಲಿ ಒಂದು ವಿಲೋ ಗಿಡ ನೆಟ್ಟು ಐದು ವರ್ಷ ಬರೀ ನೀರೆರೆದ. ಗಿಡ 160 ಪೌಂಡ್‌ಗೂ ಹೆಚ್ಚು ಬೆಳೆಯಿತು, ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಹಾಗಾಗಿ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ಮಣ್ಣಲ್ಲ ಎಂಬುದನ್ನು ಸರಿಯಾಗಿ ಕಂಡುಹಿಡಿದು, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ. ಇದನ್ನು ಹೇಳಿದಾಗ ತಪ್ಪು ಮಾಡಿದ ವಿದ್ಯಾರ್ಥಿಯ ಮುಖ ನೋಡಿ: ತಾನು ದಡ್ಡನಲ್ಲ, ಒಂದು ಹೆಜ್ಜೆ ಹಿಂದಿದ್ದೆ ಅಷ್ಟೇ ಎಂಬುದು ಅಲ್ಲಿ ಕಾಣುತ್ತದೆ.

ಆಮೇಲೆ ನೀವೇ ಪೂರ್ತಿಯಾಗಿ, ಸ್ಪಷ್ಟವಾಗಿ ವಿವರಿಸಿ. ಇದನ್ನು ಬಿಡಲೇಬೇಡಿ. ಚರ್ಚೆ ಚೆನ್ನಾಗಿ ಆಯಿತೆಂದು ಖುಷಿಪಟ್ಟು ಉತ್ತರವನ್ನು ಗಾಳಿಯಲ್ಲಿ ತೇಲಲು ಬಿಟ್ಟರೆ, ತಪ್ಪು ಉತ್ತರವನ್ನೇ ಮನೆಗೆ ಒಯ್ಯುವವರು ಇರುತ್ತಾರೆ.

6. ಕೊನೆಯ ಎರಡು ನಿಮಿಷದ ಚೀಟಿ

ಪಾಠ ಮುಗಿಯಲು ಎರಡು ನಿಮಿಷವಿರುವಾಗ ಎಲ್ಲರೂ ಹೆಸರು ಬರೆಯದೆ ಒಂದು ಚೀಟಿಯಲ್ಲಿ ‘ಇಂದು ಎಲ್ಲಿ ಮಸುಕಾಗಿದೆ?’ ಎಂಬುದಕ್ಕೆ ಒಂದು ವಾಕ್ಯ ಬರೆದು ಬಾಗಿಲ ಬಳಿ ಇಟ್ಟು ಹೋಗಲಿ. ಎಲ್ಲವನ್ನೂ ಓದಲು ಹತ್ತು ನಿಮಿಷ ಸಾಕು. ಹೆಚ್ಚು ಬಾರಿ ಬಂದ ಒಂದು ಗೊಂದಲವನ್ನು ಮುಂದಿನ ತರಗತಿಯ ಮೊದಲ ಮೂರು ನಿಮಿಷದಲ್ಲಿ ಬಿಡಿಸಿ. ಹಾಗೆ ಮಾಡದಿದ್ದರೆ ಮೂರನೆಯ ವಾರಕ್ಕೆ ಚೀಟಿಗಳೆಲ್ಲ ಖಾಲಿ ಬರತೊಡಗುತ್ತವೆ, ಯಾರೂ ಓದುವುದಿಲ್ಲವೆಂದು ಅವರಿಗೆ ತಿಳಿದುಬಿಡುತ್ತದೆ.

7. ಆನ್‌ಲೈನ್ ತರಗತಿಗೆ ಇದನ್ನು ಒಗ್ಗಿಸುವುದು

ಕ್ರಮ ಅದೇ: ಯೋಚನೆ, ಮತ, ಮಾತು, ಮರುಮತ, ವಿವರಣೆ. ಆದರೆ ಪ್ರತಿ ಹಂತವೂ ಹೆಚ್ಚು ಸಮಯ ಬೇಡುತ್ತದೆ. ತರಗತಿಯಲ್ಲಿ ಏಳು ನಿಮಿಷ ಹಿಡಿದದ್ದಕ್ಕೆ ಇಲ್ಲಿ ಹನ್ನೆರಡು ಇಟ್ಟುಕೊಳ್ಳಿ.

ಕ್ಯಾಮೆರಾ ಹಾಕಲೇಬೇಕೆಂದು ಒತ್ತಾಯಿಸಬೇಡಿ. ಇಂಟರ್‌ನೆಟ್ ನಿಧಾನವಿರಬಹುದು, ಒಂದೇ ಕೋಣೆಯಲ್ಲಿ ನಾಲ್ಕು ಮಂದಿ ಇರಬಹುದು, ಮನೆ ತೋರಿಸಲು ಸಂಕೋಚವಿರಬಹುದು. ಮುಖ ಕಂಡ ಮಾತ್ರಕ್ಕೆ ಮನಸ್ಸು ಅಲ್ಲಿದೆ ಎಂದೂ ಇಲ್ಲ. ನಿಮಗೆ ಬೇಕಾದದ್ದು ಅವರ ಉತ್ತರ, ಅದು ಬೆರಳ ತುದಿಯಿಂದ ಬರಲಿ.

ಅದಕ್ಕೆ ನನಗೆ ಅತ್ಯಂತ ಹಿಡಿಸಿದ ಉಪಾಯ ಚಾಟ್‌ನಲ್ಲಿದೆ. ಪ್ರಶ್ನೆ ತೋರಿಸಿ, ‘ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ. ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಕಳಿಸಿ’ ಎನ್ನಿ. ಒಂದು ನಿಮಿಷದ ನಂತರ ಹೇಳಿದ ಕೂಡಲೇ ಎಂಬತ್ತು ಉತ್ತರಗಳು ಮಳೆಯಂತೆ ಸುರಿಯುತ್ತವೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯಲು ಆಸ್ಪದವಿಲ್ಲ. ನಾಲ್ಕೈದನ್ನು ಗಟ್ಟಿಯಾಗಿ ಓದಿ, ಬರೆದವರ ಹೆಸರು ಹಿಡಿದು ಒಂದೊಂದು ಮಾತು ಆಡಿ. ಹೆಸರು ಕೇಳಿಸಿಕೊಂಡವರು ಮುಂದಿನ ಪ್ರಶ್ನೆಗೆ ಮೊದಲಿಗಿಂತ ಬೇಗ ಬರೆಯುತ್ತಾರೆ.

ಬ್ರೇಕ್‌ಔಟ್ ರೂಮ್‌ಗಳು ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಒಳಗೆ ಹೋದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಸೂಚನೆಯನ್ನು ಕೋಣೆ ತೆರೆಯುವ ಮೊದಲೇ ಬರಹದಲ್ಲಿ ಕೊಡಿ. ಕೋಣೆಗೆ ಮೂವರು ಅಥವಾ ನಾಲ್ವರು. ಎಲ್ಲ ಗುಂಪುಗಳಿಗೂ ಸೇರಿ ಒಂದೇ ಕಡತ, ಅದರಲ್ಲಿ ಪ್ರತಿ ಗುಂಪಿಗೆ ಒಂದು ಪುಟ, ಬರೆಯಬೇಕಾದದ್ದು ಎರಡು ವಾಕ್ಯ. ಬರೆಯುವವರು ಯಾರೆಂದು ನೀವೇ ಗೊತ್ತು ಮಾಡಿ: ಹೆಸರಿನ ಅಕ್ಷರಕ್ರಮದಲ್ಲಿ ಮೊದಲಿಗರು ಎಂದರೆ ಮುಗಿಯಿತು. ‘ನೀನು ಬರೆ, ನೀನು ಬರೆ’ ಎಂಬುದರಲ್ಲಿ ಹೊತ್ತು ಹೋಗುವುದಿಲ್ಲ. ನೀವು ಕೋಣೆಯಿಂದ ಕೋಣೆಗೆ ಓಡಾಡದೆ ಆ ಕಡತವನ್ನೇ ತೆರೆದಿಟ್ಟು ನೋಡುತ್ತಿದ್ದರೆ ಯಾವ ಪುಟ ಖಾಲಿ ಉಳಿದಿದೆ ಎಂಬುದು ಕಾಣುತ್ತದೆ. ಆ ಕೋಣೆಗೆ ಮಾತ್ರ ಹೋಗಿ.

ಪಾಠವನ್ನು ಮೊದಲೇ ವಿಡಿಯೊ ಮಾಡಿ ಕೊಡುವವರಿಗೆ: ವಿಡಿಯೊ ಚಿಕ್ಕದಿರಲಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿ 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳನ್ನೇ ಜನ ಹೆಚ್ಚು ಪೂರ್ತಿಯಾಗಿ ನೋಡಿದ್ದು ಕಂಡುಬಂತು. ಐವತ್ತು ನಿಮಿಷದ ಪಾಠವನ್ನು ಒಂಬತ್ತು ಹತ್ತು ತುಂಡು ಮಾಡಿ, ತುಂಡಿನ ಕೊನೆಗೊಂದು ಪ್ರಶ್ನೆ ಇಡಿ. ಚರ್ಚಾ ವೇದಿಕೆಯಲ್ಲಿ ಬರೆಯಿಸುವುದಾದರೆ, ತಮ್ಮ ಉತ್ತರ ಹಾಕಿದ ಮೇಲಷ್ಟೇ ಇತರರದು ಕಾಣುವ ವ್ಯವಸ್ಥೆ ಆರಿಸಿಕೊಳ್ಳಿ. ಆನ್‌ಲೈನ್ ಪಾಠ ನಡೆಸುವ ಮೂಡಲ್ ಎಂಬ ತಂತ್ರಾಂಶದಲ್ಲಿ ಈ ಬಗೆಯ ವೇದಿಕೆ ಇದೆ.

8. ಏಕೆ ಹೀಗೆ ಕಲಿಸುತ್ತಿದ್ದೀರಿ ಎಂದು ಅವರಿಗೆ ಹೇಳಿ

ಇದನ್ನು ಎಂಟನೆಯದಾಗಿ ಬರೆದಿದ್ದರೂ ಮಾಡಬೇಕಾದದ್ದು ಮೊದಲ ವಾರದಲ್ಲೇ. ಎರಡನೆಯ ಮೂರನೆಯ ತರಗತಿಗೇ ‘ಸರ್, ನೀವೇ ಹೇಳಿಬಿಡಿ, ಬರೆದುಕೊಳ್ಳುತ್ತೇವೆ’ ಎಂಬ ಮಾತು ಬರುತ್ತದೆ. ಅದನ್ನು ಕೇಳಿ ಎಷ್ಟೋ ಅಧ್ಯಾಪಕರು ಎದೆಗುಂದಿ ಹಳೆಯ ದಾರಿಗೆ ಮರಳುತ್ತಾರೆ. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರೂ ತಾವು ಕಲಿತದ್ದು ಕಡಿಮೆ ಎಂದೇ ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ತಿಳಿದಂತೆ ಅನಿಸಿತ್ತು. ತಲೆ ಓಡಿಸುವಾಗ ಆಗುವ ದಣಿವನ್ನು ಅವರು ತಿಳಿಯದಿರುವುದರ ಗುರುತೆಂದು ತಪ್ಪು ತಿಳಿಯುತ್ತಾರೆ. ಈ ಪ್ರಯೋಗದ ಕಥೆಯನ್ನೇ ಅವರ ಮುಂದೆ ಇಡಿ. ನಾನು ಪ್ರತಿ ವರ್ಷ ಮೊದಲ ವಾರ ಹತ್ತು ನಿಮಿಷ ಇದಕ್ಕೆಂದೇ ಮೀಸಲಿಡುತ್ತೇನೆ. ಗೊಣಗಾಟ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ.

ಹೆಚ್ಚಾಗಿ ಎಡವುವ ಜಾಗಗಳು

ಸಿಲಬಸ್ ಮುಗಿಯುವುದಿಲ್ಲ ಎಂಬ ಭಯ ಎಲ್ಲರದ್ದೂ. ಪ್ರಾಮಾಣಿಕವಾಗಿ ಹೇಳುತ್ತೇನೆ, ಬಾಯಿಂದ ಹೇಳುವ ಭಾಗ ಕಡಿಮೆಯಾಗಲೇಬೇಕು. ವ್ಯಾಖ್ಯೆ, ಪಟ್ಟಿ, ಜೀವನಚರಿತ್ರೆಯಂಥ ಓದಿಯೇ ತಿಳಿಯಬಹುದಾದದ್ದನ್ನು ಮನೆಗೆ ಕಳಿಸಿ, ಕಷ್ಟವಾದದ್ದನ್ನು ತರಗತಿಗೆ ಇಟ್ಟುಕೊಳ್ಳಿ. ಇದಕ್ಕೆ ಫ್ಲಿಪ್ಡ್ ತರಗತಿ ಎನ್ನುತ್ತಾರೆ: ಪಾಠ ಮನೆಯಲ್ಲಿ, ಅಭ್ಯಾಸ ತರಗತಿಯಲ್ಲಿ. ಇದರಲ್ಲೊಂದು ಗುಂಡಿಯಿದೆ. ಅರ್ಧ ತರಗತಿ ಓದದೆ ಬಂದ ದಿನ ನೀವು ಕರಗಿ ಅದೇ ಭಾಗವನ್ನು ಮತ್ತೆ ಪಾಠ ಮಾಡಿದರೆ, ಇನ್ನು ಮುಂದೆ ಓದಬೇಕಿಲ್ಲ ಎಂದು ನೀವೇ ಹೇಳಿಕೊಟ್ಟಂತೆ. ಓದಿ ಬಂದವರಿಗೂ ಅನ್ಯಾಯ. ಬಾಗಿಲಲ್ಲೇ ಎರಡು ಸಣ್ಣ ಪ್ರಶ್ನೆ ಕೇಳಿ, ನೇರ ಚರ್ಚೆಗೆ ಇಳಿಯಿರಿ.

ಅಂಕಗಳ ವಿಷಯದಲ್ಲಿ ಕೈ ಬಿಗಿಯಿರಲಿ. ಭಾಗವಹಿಸಿದ್ದಕ್ಕೆ ಸ್ವಲ್ಪ ಅಂಕ ಕೊಡಬಹುದು. ತರಗತಿಯ ಮತದಲ್ಲಿ ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟಿರೋ, ಚರ್ಚೆ ನಿಂತು ನಕಲು ಶುರುವಾಗುತ್ತದೆ.

ಗುಂಪಿನ ಕೆಲಸದಲ್ಲಿ ಒಬ್ಬರು ದುಡಿದು ಮೂವರು ಹೆಸರು ಬರೆಸುವುದು ಹಳೆಯ ದೂರು. ಎಲಿಯಟ್ ಅರಾನ್ಸನ್ ಎಂಬ ಮನೋವಿಜ್ಞಾನಿ 1971ರಲ್ಲಿ ಶಾಲಾ ಮಕ್ಕಳಿಗೆಂದು ರೂಪಿಸಿದ ಜಿಗ್‌ಸಾ ವಿಧಾನ ಇದಕ್ಕೆ ಒಳ್ಳೆಯ ಮದ್ದು. ಪಾಠವನ್ನು ನಾಲ್ಕು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಿ. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಅದನ್ನು ಅರಗಿಸಿಕೊಳ್ಳಲಿ, ಆಮೇಲೆ ತಮ್ಮ ಗುಂಪಿಗೆ ಮರಳಿ ಕಲಿಸಲಿ. ತನ್ನ ತುಂಡು ಗುಂಪಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದಿರುವಾಗ ಸುಮ್ಮನೆ ಕೂರಲು ಆಗುವುದಿಲ್ಲ.

ಮುನ್ನೂರು ಮಂದಿಯ ಸಭಾಂಗಣದಲ್ಲಿ ಪಾಠ ಮಾಡುವವರು ‘ಇದು ಸಣ್ಣ ತರಗತಿಗಳಿಗೆ’ ಎಂದು ಕೈಬಿಡಬೇಡಿ. ಜೋಡಿ ಮಾತಿಗೆ ಬೆಂಚು ಸರಿಸಬೇಕಾಗಿಲ್ಲ, ಪಕ್ಕಕ್ಕೆ ತಿರುಗಿದರೆ ಸಾಕು. ಕೊರತೆಯಾಗುವುದು ನಿಮ್ಮ ಕಿವಿಗೆ: ಎಲ್ಲ ಬೆಂಚಿನ ಮಾತು ಕೇಳಲಾಗದು. ದಿನಕ್ಕೊಂದು ಮೂಲೆ ಆರಿಸಿಕೊಂಡು ಅಲ್ಲಿಗೆ ಹೋಗಿ.

ತರಗತಿ ಮುಗಿಸಿ ಬಂದ ಮೇಲೆ

ಸಿಬ್ಬಂದಿ ಕೋಣೆಗೆ ಬಂದು ಕುಳಿತ ಕೂಡಲೇ, ನೆನಪು ಹಸಿಯಾಗಿರುವಾಗಲೇ, ಒಂದು ರಟ್ಟಿನ ಮೇಲೆ ನಾಲ್ಕು ಸಂಗತಿ ಬರೆಯಿರಿ: ಕೇಳಿದ ಪ್ರಶ್ನೆ, ಮೊದಲ ಮತದ ಹಂಚಿಕೆ, ಎರಡನೆಯ ಮತದ ಹಂಚಿಕೆ, ಹಿಡಿದ ಸಮಯ. ಬೆಂಚಿನಲ್ಲಿ ಕಿವಿಗೆ ಬಿದ್ದ ಒಳ್ಳೆಯ ತಪ್ಪು ಮಾತು ಇದ್ದರೆ ಅದನ್ನು ರಟ್ಟಿನ ಹಿಂಬದಿಗೆ ಬರೆದಿಡಿ. ಮುಂದಿನ ವರ್ಷ ಅದೇ ನಿಮ್ಮ ಪ್ರಶ್ನೆಯ ಹೊಸ ತಪ್ಪು ಆಯ್ಕೆಯಾಗುತ್ತದೆ. ವಾರಕ್ಕೆ ಎರಡು ರಟ್ಟು ಎಂದುಕೊಂಡರೂ ಹದಿನೈದು ವಾರಕ್ಕೆ ಮೂವತ್ತು. ಮರುವರ್ಷ ಅವುಗಳಲ್ಲಿ ಹತ್ತನ್ನು ತಿದ್ದಬೇಕಾಗುತ್ತದೆ, ಐದನ್ನು ಎಸೆಯಬೇಕಾಗುತ್ತದೆ, ಉಳಿದವು ಹಾಗೆಯೇ ಕೆಲಸ ಮಾಡುತ್ತವೆ.